ಸೋಮವಾರ ಹನ್ನೊಂದರೊಳಗೆ

ಬಾಡಿಗೆಗೆ ತಂದದ್ದು. ನಿನ್ನೆ ಕುಣಿದದ್ದು.
ಇವತ್ತು ಕಪಾಟಿನ ಬಾಗಿಲಿಗೆ ನೇತುಬಿದ್ದು
ತಲೆಯಿಲ್ಲದೆ, ತೋಳಿಲ್ಲದೆ, ಸುಸ್ತಾಗಿ ನಿಂತಿದೆ.
"ಹನ್ನೊಂದಕ್ಕೆ ಅಂಗಡಿಗೆ ಮುಟ್ಟಿಸಬೇಕು ಕಣೇ,
ಒಂದು ನಿಮಿಷ ತಡವಾದರೂ ಝುಝುನಾ ಮುಂಗಡ ಕೊಡಲ್ಲ.
ಅಷ್ಟರಲ್ಲಿ ಬರೆದುಕೊಡು," ಅಂದಳು ತ್ಸಿಯಾಲಾ.

ಫೋಟೋ ಇವೆಯಲ್ಲ, ಅಂದೆ. ಆರುನೂರು.
"ಅದರಲ್ಲೆಲ್ಲ ನಾನಿದ್ದೇನೆ.
ನನಗೆ ಬೇಕಾದ್ದು ಇದು ಮಾತ್ರ."

ನನಗೋ ಬರುವುದು ಹೊಲದ ನಕ್ಷೆ.
ಕುತೈಸಿಯ ಭೂಮಾಪನ ಕಚೇರಿಯಲ್ಲಿ ಹದಿನಾಲ್ಕು ವರ್ಷ
ಇವನ ದ್ರಾಕ್ಷಿ ಎಲ್ಲಿ ಮುಗಿಯಿತು, ಅವನ ಹಂದಿ ಎಲ್ಲಿ ದಾಟಿತು,
ಅಣ್ಣತಮ್ಮಂದಿರ ನಡುವಿನ ಆಕ್ರೋಟದ ಮರ ಯಾರದು,
ಗೆರೆ ಎಳೆದೆಳೆದು ಬೈಸಿಕೊಂಡ ಕೈ ಇದು.
ಹೂ ಬರೆದರೆ ಬಾವಿಯ ಗುರುತಿನ ಹಾಗೆ ಕಾಣುತ್ತದೆ.

ಅಳತೆಪಟ್ಟಿ ಹಿಡಿದೆ. ಬೇರೆ ಗೊತ್ತಿಲ್ಲ.
ಸೊಂಟದಿಂದ ನೆಲಕ್ಕೆ ನೂರಾಹನ್ನೆರಡು.
ಹಿಂದೆ ಗುಡಿಸಿಕೊಂಡು ಬರುವ ಬಾಲ, ತೊಂಬತ್ತು.
ಬೆನ್ನಿಗೆ ಗುಂಡಿ ಇಪ್ಪತ್ತಾರು; ಒಂದರ ಬಣ್ಣ ಬೇರೆ,
ಹಿಂದಿನ ಯಾವಳೋ ಮದುಮಗಳು ಅವಸರಕ್ಕೆ ಕಿತ್ತಿರಬೇಕು,
ಅಥವಾ ಅವಳ ಗಂಡ.
ಪಕ್ಕೆಯ ಹೊಲಿಗೆಯೊಳಗೆ ಮೂರು ಸಲ ಬಿಚ್ಚಿ ಹಿಡಿದ ತೂತು:
ದಪ್ಪಗಿದ್ದವಳು, ಸಣಕಲಿ, ಮತ್ತೆ ದಪ್ಪಗಿದ್ದವಳು.
ಹೊಲವೂ ಹೀಗೇ. ಕೈ ಬದಲಾದಷ್ಟು ಗೆರೆ.

ಆಮೇಲೆ ಬಿಳಿ.

ಪೆನ್ಸಿಲ್ಲು ತಾಕಿದರೆ ಬೂದಿ, ತಾಕದಿದ್ದರೆ ಬರೀ ಹಾಳೆ.
ಬಿಳಿಯನ್ನು ಬರೆಯುವುದು ಹೇಗೆ?
ಅರ್ಧ ಗಂಟೆ ಸುಮ್ಮನೆ ಕೂತೆ. ಕೆಳಗೆ ರಿಯೋನಿ ನದಿ
ತನ್ನ ಬಿಳಿ ಕಲ್ಲುಗಳ ಮೇಲೆ ಗೊಣಗುತ್ತಿತ್ತು.
ಕೊನೆಗೆ ಕಪಾಟನ್ನು ಬರೆದೆ. ಅದರ ಕಂದು, ಹುಳು ಕೊರೆದ ತೂತು,
ಬಾಗಿಲ ಸಂದಿಯ ನೆರಳು, ಗೋಡೆಯ ತೇವ,
ಕೆಳಗೆ ಅವಳು ಬಿಟ್ಟ ಹವಾಯಿ ಚಪ್ಪಲಿ,
ಬಟ್ಟೆಯೊಂದನ್ನು ಬಿಟ್ಟು ಎಲ್ಲವನ್ನೂ.
ನಡುವೆ ಬರೆಯದೆ ಉಳಿದದ್ದು
ಎದ್ದು ನಿಂತಿತು.

ಅಂಚಿನಲ್ಲಿ ಒಂದು ಕಲೆ, ಹೆಬ್ಬೆರಳಗಲ.
ಸೋದರಮಾವ ವಾಝಾ ಏಳನೆಯ ಹಾರೈಕೆಗೆ ಎದ್ದವನು
ಸತ್ತವರನ್ನು ನೆನೆಯುತ್ತ ಕೈ ಬೀಸಿ
ಕೆಂಪು ಪ್ಲಮ್ಮಿನ ಹುಳಿಗೊಜ್ಜು ಉರುಳಿಸಿದ್ದು.
ಅವಳ ಅಮ್ಮನ ಹೆಸರು ಆಗಷ್ಟೇ ಅವನ ಬಾಯಿಗೆ ಬಂದಿತ್ತು.
ಯಾರೂ ಕೆಳಗೆ ನೋಡಲಿಲ್ಲ.

ಇದನ್ನೂ ಬರೆಯಲೇ?
ಉಪ್ಪು, ನಿಂಬೆ, ಹಲ್ಲುಜ್ಜುವ ಬ್ರಶ್ಶು ಹಿಡಿದು
ಆಗಲೇ ಮೊಣಕಾಲೂರಿದ್ದಳು.
"ನೀನು ಬೇಗ ಬರಿ. ನಾನು ಉಜ್ಜುತ್ತೇನೆ."

ಹಾಗೆ ಇಬ್ಬರೂ ಒಂದೇ ಅಂಚಿಗೆ ಬಾಗಿದೆವು,
ನಾನು ಹಾಳೆಗೆ ಹಚ್ಚುತ್ತ, ಅವಳು ಬಟ್ಟೆಯಿಂದ ತೆಗೆಯುತ್ತ.
ಕೆಂಪು ಪೆನ್ಸಿಲ್ಲು ಕಚೇರಿಯದು,
ತಕರಾರಿನ ಗಡಿಗೆ ಮಾತ್ರ ಬಳಸುವಂಥದು.
ಒಮ್ಮೆ ತಲೆಗೆ ತಲೆ ತಗುಲಿ ನಕ್ಕೆವು.
ನಗು ನಿಂತ ಮೇಲೂ ಅವಳ ಭುಜ ಅಲುಗುತ್ತಿತ್ತು.
ನಾನು ನೋಡಲಿಲ್ಲ. ಗೆರೆ ಕೆಡುತ್ತದೆ.

ಹತ್ತೂ ನಲವತ್ತಕ್ಕೆ ಬಟ್ಟೆ ಚೀಲದೊಳಗೆ.
ಝುಝುನಾ ಕನ್ನಡಕ ಏರಿಸಿ, ಅಂಚು ತಿರುವಿ ತಿರುವಿ ನೋಡಿ
"ಏನೂ ಆಗಿಲ್ಲ," ಅಂದಳಂತೆ.
ಮುಂಗಡ ಎಣಿಸಿದಳಂತೆ.

ಹಾಳೆಯ ಮೂಲೆಯಲ್ಲಿ, ಕೈಗಂಟಿದ ಚಾಳಿ,
ಪ್ರಮಾಣ ಐದಕ್ಕೊಂದು, ತಾರೀಖು, ಸಹಿ,
ಉತ್ತರ ದಿಕ್ಕಿನ ಬಾಣ.
'ಒಡೆಯರು' ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದೆ.
ತ್ಸಿಯಾಲಾ ಅದನ್ನೇನೂ ಓದಲಿಲ್ಲ.
ಒದ್ದೆ ಬೆರಳನ್ನು ಬಾಣದ ಮೇಲಿಟ್ಟು
"ಅಮ್ಮನನ್ನು ಮಲಗಿಸಿದ ದಿಣ್ಣೆಯ ಕಡೆಗಾ?" ಅಂದಳು.

ಇಲ್ಲ, ಅದಕ್ಕಿಂತ ಸ್ವಲ್ಪ ಪೂರ್ವಕ್ಕೆ, ಅಂದೆ.
ಸುಳ್ಳು ಹೇಳಬಹುದಿತ್ತು.
ದಿಕ್ಕಿನ ವಿಷಯದಲ್ಲಿ ನನಗೆ ಬರುವುದಿಲ್ಲ.