ಬೈರಾಸು

ಪಂಪು ಕಳವಾದ ಮೇಲೆ ಹಾಕಿಸಿದ್ದು ಮಾರಾಯ್ರೆ,
ಸುಮ್ಮನೆ ಅಲ್ಲ.
ಸಂತೆಕಟ್ಟೆಯ ನಜೀರ್ ಏಣಿ ಹತ್ತಿ
ಜಗಲಿಯ ಪಕ್ಕಾಸಿಗೆ ಅದನ್ನು ಕೂರಿಸಿದ.
ಬಿಳಿ ಬಣ್ಣ, ಪುನರ್ಪುಳಿಯಷ್ಟು ಗಾತ್ರ.
"ಇನ್ನು ಕೆಮ್ಮಣ್ಣಿನಲ್ಲಿ ಮೀನು ಮಾರುತ್ತಲೇ
ಮನೆ ಕಾಯಬಹುದು, ಜಲಜಕ್ಕ" ಎಂದ.

ಕೋಡಿಬೆಂಗ್ರೆಯ ನಮ್ಮ ಮನೆಗೆ
ಒಂದು ಕಡೆ ಹೊಳೆ, ಒಂದು ಕಡೆ ಕಡಲು.
ಬಾಡಿಗೆಗೆ ಎರಡು ಕೋಣೆ, ದಿನದ ಲೆಕ್ಕ.
ಹಿಂದಿನ ಅಡಿಗೆಕೋಣೆಯಲ್ಲಿ ನಾನು.
ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಬರೆದಿತ್ತು:
ಚಪ್ಪಲಿಯ ಮರಳು ಹೊರಗೇ ಕೊಡವಿ.
ಉಪ್ಪುನೀರಿನ ಬಟ್ಟೆ ಹಾಸಿಗೆ ಮೇಲೆ ಬೇಡ.
ಜಗಲಿಯಲ್ಲಿ ಕ್ಯಾಮೆರಾ ಉಂಟು.
ಬರೆದ ಮೇಲೆ ನನ್ನದೆಂತ ತಪ್ಪು?

ಮೊದಲ ವಾರ ಕಳ್ಳನಿಗಾಗಿ ನೋಡಿದೆ. ಬರಲಿಲ್ಲ.
ಎರಡನೇ ವಾರ ಬೆಕ್ಕು ಬಂತು.
ಆಮೇಲಿನದು ಹೇಳಬಾರದು, ಹೇಳುತ್ತೇನೆ:
ಬೂತಾಯಿ ಎಣಿಸುವಾಗಲೂ
ಒಂದು ಕೈ ಬುಟ್ಟಿಯಲ್ಲಿ, ಒಂದು ಕೈ ಫೋನಿನಲ್ಲಿ.
ಹಾಸನದ ಮಾಷ್ಟ್ರು ಬರ್ಮುಡಾ ಹಾಕಿ ತಲೆಕೆಳಗೆ ನಿಂತದ್ದು,
ಹೊಸ ಮದುಮಕ್ಕಳು ಒಂದೇ ಬೊಂಡಕ್ಕೆ
ಎರಡು ನಳಿಗೆ ಹಾಕಿ ಜಗಳವಾಡಿದ್ದು,
ಯಾರೋ ಒಬ್ಬ ತುಳಸಿಕಟ್ಟೆಗೆ ಸಿಗರೇಟು ಒರೆಸಿದ್ದು.
ಟಿವಿಯ ಧಾರಾವಾಹಿ ಬಿಟ್ಟೇಬಿಟ್ಟೆ.

ಗದಗದ ಕಡೆಯವಳು ಬಂದದ್ದು ಮಂಗಳವಾರ.
ಜತೆಗೆ ಎಂಟು ವರ್ಷದ ಹುಡುಗ,
ಒಂದೇ ಚೀಲ, ಕಡಲು ನೋಡುವ ಅವಸರವಿಲ್ಲ.
ರಾತ್ರಿ ಒಂದೂವರೆಗೆ ತಲೆದಿಂಬಿನ ಕೆಳಗೆ ಫೋನು ಗುಂಯ್ ಎಂದಿತು.
ಮೆಟ್ಟಿಲ ಮೇಲೆ ಅವಳು, ಕಿವಿಗೆ ಮೊಬೈಲು.
ಪರದೆಯ ಮೂಲೆಯಲ್ಲಿ ಮೈಕಿನ ಗುರುತೊಂದು
ಯಾವತ್ತಿನಿಂದಲೂ ಇತ್ತು.
ಬೆರಳು ಹೋಗಿ ಒತ್ತಿತು. ಬೆರಳೇ ಅನ್ನಿ.

"ಅವ್ವಾ, ಇಲ್ಲೇ ಅದೀವಿ ಅಂತ ಯಾರಿಗೂ ಹೇಳಬ್ಯಾಡ.
ಅವನು ಅತ್ತರೂ ಹೇಳಬ್ಯಾಡ.
ಅಳ್ತಾನ ಅವ. ಮೊದಲು ಅಳ್ತಾನ."

ಆಮೇಲೆ ಮಾತಿಲ್ಲ.
ಮೂಗು ಏರಿಸುವ ಸದ್ದು, ಅದರ ಹಿಂದೆ ಕಡಲು.
ನಡುವೆ ಇದ್ದದ್ದು ಒಂದೇ ಗೋಡೆ.
ಎದ್ದು ಹೋಗಿ ಎಂತಾಯ್ತು ಮಗಾ ಎನ್ನಬಹುದಿತ್ತು,
ಒಂದು ಲೋಟ ಬಿಸಿನೀರಾದರೂ ಕೊಡಬಹುದಿತ್ತು.
ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳಿದರೆ?
ಕತ್ತಲಲ್ಲಿ ಉಸಿರು ಹಿಡಿದು ಕೂತೆ.
ಪಂಪು ಬಿಚ್ಚಿದವನೂ
ಬಾವಿಕಟ್ಟೆಯ ಹಿಂದೆ ಹೀಗೇ ಕೂತಿರಬೇಕು.

ಬೆಳಿಗ್ಗೆ ನೀರುದೋಸೆ ಮುರಿಯುತ್ತಾ ಹುಡುಗ ಮೇಲೆ ನೋಡಿದ.
"ಅಜ್ಜಿ, ಅದಕ್ಕ ಕಿವಿ ಅದಾವೇನು?"
ಇಲ್ಲ ಮಗಾ, ಎಂದೆ.
ಅವಳು ನನ್ನ ಮುಖ ನೋಡಿದಳು,
ಕ್ಯಾಮೆರಾ ನೋಡುವುದಿಲ್ಲ ಹಾಗೆ.
ಸಂಜೆಗೆ ಅದರ ಮೇಲೊಂದು ನೀಲಿ ಬೈರಾಸು.
ಒಣಗಲು ಹಾಕಿದ ಹಾಗೆ, ನೀರು ತೊಟ್ಟಿಕ್ಕುತ್ತಾ.
ಫೋನಿನಲ್ಲಿ ನೂಲಿನ ಎಳೆ ಬಿಟ್ಟರೆ ಇನ್ನೇನೂ ಇಲ್ಲ.
ತೆಗೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಶುಕ್ರವಾರದ ಮೊದಲ ಬಾರ್ಜಿಗೆ ಹಂಗಾರಕಟ್ಟೆಗೆ ದಾಟಿದರು.
ಬೈರಾಸು ಬಿಟ್ಟೇ ಹೋದರು.

ಎಂಟನೇ ದಿನಕ್ಕೆ ಬಂದ ಅವನು.
ಇಸ್ತ್ರಿ ಅಂಗಿ, ನಯದ ಮಾತು.
ಮೊಬೈಲಿನಲ್ಲಿ ಹುಡುಗನ ಫೋಟೊ, ತಲೆಗೆ ಹುಟ್ಟುಹಬ್ಬದ ಟೊಪ್ಪಿ.
ಹೇಳುತ್ತಾ ಹೇಳುತ್ತಾ ಅತ್ತ.
ಅತ್ತು ಮುಗಿದ ಮೇಲೆ ಕೇಳಿದ:
"ಕ್ಯಾಮೆರಾ ಐತಲ್ರೀ, ಸ್ವಲ್ಪ ತೋರಸ್ರಿ."
ಅದಾ? ಅದು ಸುಮ್ಮನೆ ಕಳ್ಳರ ಹೆದರಿಕೆಗೆ ಮಾರಾಯ್ರೆ,
ಒಳಗೆ ಎಂತದೂ ಇಲ್ಲ, ನೋಡಿ, ಬೈರಾಸು ಒಣಗಿಸುತ್ತೇವೆ.
ಅಷ್ಟರಲ್ಲಿ ಸೊಂಟದಲ್ಲಿ ಫೋನು ನಡುಗಿತು,
ನನ್ನದೇ ಸುಳ್ಳನ್ನು ಕೇಳಿಸಿಕೊಂಡು.

ಅವನ ಕಾರು ತಿರುಗಿದ್ದೇ ನಜೀರನಿಗೆ ಹೇಳಿ ಕಳಿಸಿದೆ.
ಮೂವತ್ತು ದಿನದ್ದು ಎಲ್ಲೋ ಉಳಿದಿರುತ್ತದಂತೆ,
ನನಗೆ ಗೊತ್ತಿರಲಿಲ್ಲ.
ಕ್ಯಾಮೆರಾ ಈಗ ಬಾವಿಯ ಹತ್ತಿರ,
ಹೊಸ ಪಂಪು ನೋಡುತ್ತಾ ಕೂತಿದೆ.
ಅಳಿಸುವುದು ನಾನೇ ಮಾಡಿದೆ, ಒಂದೊಂದಾಗಿ.
ಮಾಷ್ಟ್ರನ್ನು, ಮದುಮಕ್ಕಳನ್ನು, ರಾತ್ರಿಯ ಮೆಟ್ಟಿಲನ್ನು.
ಅಳಿಸಲೇ ಎಂದು ಅದು ಪ್ರತಿ ಸಲ ಕೇಳುತ್ತದೆ.
ಹೌದು. ಹೌದು.

ಕೊನೆಗೆ ಉಳಿದದ್ದು ನೀರುದೋಸೆಯ ಬೆಳಿಗ್ಗೆ.
ಹುಡುಗ ತಲೆ ಎತ್ತಿ ನೇರ ನನ್ನನ್ನೇ ನೋಡುತ್ತಿದ್ದಾನೆ,
ಬಾಯಲ್ಲಿ ಅದೇ ಪ್ರಶ್ನೆ.
ಉಂಟು ಮಗಾ, ಎಂದೆ ಫೋನಿಗೆ.
ಉಂಟು.