ಹೊಟ್ಟೆಗೆ ಹಾಕಿಕೊಂಡವಳು

ಪಾಮಿಯುತ್ ಬಂದರಿನಿಂದ ಎರಡು ದಿನ ಪಶ್ಚಿಮಕ್ಕೆ,
ನವೆಂಬರ್. ಬಲೆ ಎಳೆದಾಗ ಮಧ್ಯಾಹ್ನ ಮೂರು,
ಆಗಲೇ ಕತ್ತಲು.
ಸಾವಿರದ ಇನ್ನೂರು ಮೀಟರ್ ಆಳದ
ಹ್ಯಾಲಿಬಟ್ ರಾಶಿಯ ಜೊತೆ
ಬೆಲ್ಟಿನ ಮೇಲೆ ಉರುಳಿ ಬಂತು
ರಬ್ಬರ್ ಬೂಟಿನಷ್ಟು, ಬೂಟಿನಷ್ಟೇ ಕಪ್ಪು.

“ಬಿಸಾಡು,” ಅಂದ ಎಸಾಯಾಸ್, “ತಿನ್ನೋಕೆ ಬರಲ್ಲ.”
ಅಬೆಲೋನ ಬಿಸಾಡಲಿಲ್ಲ.
ಕೈಗವಸು ಕಳಚಿ ಮುಟ್ಟಿದಳು.

ಹುರುಪೆ ಇಲ್ಲ. ಮೂಳೆ ಇದೆಯೋ ಇಲ್ಲವೋ,
ಒತ್ತಿದರೆ ನೆನೆದ ರಟ್ಟಿನಂತೆ ಬಗ್ಗುತ್ತದೆ.
ಕಣ್ಣು ಮೆಣಸಿನ ಕಾಳು,
ಬಾಯಿ ಮಾತ್ರ ಮೈಯಷ್ಟಗಲ.
ಹಲ್ಲು ಒಳಕ್ಕೆ ಮಡಚುತ್ತದೆ, ಹೊರಕ್ಕೆ ಮಡಚುವುದಿಲ್ಲ:
ಹೋಗುವವರಿಗಷ್ಟೇ ಬಾಗಿಲು.
ಬೆನ್ನಿನ ರೆಕ್ಕೆಯ ಮೊದಲ ಕಡ್ಡಿ
ನೆತ್ತಿಗೆ ಸರಿದು ಗಾಳದ ಕೋಲಾಗಿದೆ;
ತುದಿಗೆ ಕಡಲೆಯಷ್ಟು ಗಂಟು, ಈಗ ಆರಿದೆ.
ಆ ಬೆಳಕೂ ಅವಳದಲ್ಲ,
ಒಳಗೆ ಬಾಡಿಗೆಗಿದ್ದ ಕೋಟಿ ಸೂಕ್ಷ್ಮಜೀವಿಗಳದು.
ದೀಪದ ಬುಡ ಕತ್ತಲೆ ಅಂತಾರಲ್ಲ,
ಇವಳು ಆ ಬುಡ.

ಅಲ್ಲಿ ಕೆಳಗೆ ಹಗಲು ಅನ್ನುವುದೇ ಒಂದು ವದಂತಿ.
ನೀರು ಮೂರು ಡಿಗ್ರಿ. ಮೇಲಿಂದ ಸದಾ ಉದುರುತ್ತದೆ
ಸತ್ತವರ ಚೂರು, ತಿಂದವರ ಎಂಜಲು,
ಹಿಮದ ಹಾಗೆ, ಸದ್ದಿಲ್ಲದೆ.
ಅವಳು ಈಜುವುದು ಕಡಿಮೆ. ಇದ್ದಲ್ಲೇ ತೇಲುತ್ತ
ದೀಪ ಅಲ್ಲಾಡಿಸುತ್ತಾಳೆ.
ಬಂದವರು ತನಗಿಂತ ದೊಡ್ಡವರಾದರೂ
ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ.
ಕ್ಷಮೆಯಲ್ಲ ಅದು. ಮುಂದಿನ ಊಟ ಎಂದೋ,
ಅದಕ್ಕೇ ಅಷ್ಟು ಹಿಗ್ಗುವ ಚರ್ಮ.

ಹೊಟ್ಟೆಯ ಅಡಿ, ಬಾಲದ ಕಡೆಗೆ,
ಜೋತಿತ್ತು ಬೆರಳಿನಷ್ಟು ಏನೋ.
ಮೀನಿನ ಹೇನಿರಬೇಕೆಂದು ಉಗುರಿನಿಂದ ಕೆರೆದಳು.
ಬರಲಿಲ್ಲ.
ಮತ್ತೆ ಕೆರೆದಳು. ರಕ್ತ ಬಂತು.
ಹಣೆಯ ದೀಪ ಬಗ್ಗಿಸಿ ನೋಡಿದರೆ
ಅದಕ್ಕೂ ಒಂದು ಬಾಲ.

ಗಂಡ.
ಕೈ ಹಿಡಿದವನಲ್ಲ, ಕಚ್ಚಿ ಹಿಡಿದವನು.
ಕತ್ತಲಲ್ಲಿ ವಾಸನೆಯ ಜಾಡು ಹಿಡಿದು ಬಂದು
ಒಮ್ಮೆ ಬಾಯಿ ಹಾಕಿದ; ತುಟಿ ಅವಳ ಚರ್ಮವಾಯಿತು,
ಕಣ್ಣು ಬೇಡವಾಯಿತು, ಹೊಟ್ಟೆ ಬೇಡವಾಯಿತು,
ಅವಳು ಉಂಡರೆ ಇವನು ಉಂಡ ಹಾಗೆ.
“ಮಾವನ ಮನೇಲಿ ನಾನೂ ಹೀಗೇ ಇದ್ದೆ,
ಎರಡು ಚಳಿಗಾಲ,” ನಕ್ಕ ಎಸಾಯಾಸ್.
ಅವಳು ನಗಲಿಲ್ಲ.
ಬೆರಳ ಮೇಲಿನ ಹನಿ ನೋಡುತ್ತಿದ್ದಳು,
ಇಬ್ಬರಲ್ಲಿ ಯಾರದು?

ನೂಕ್‌ನ ಸಂಶೋಧನಾ ಕೇಂದ್ರಕ್ಕೆಂದು
ಐಸಿನ ಡಬ್ಬಿಗೆ ಹಾಕಿ ಚೀಟಿ ಬರೆದಳು.
ಆಳ. ದಿನಾಂಕ. ಹೆಣ್ಣು.
‘ಎಷ್ಟು’ ಎಂಬಲ್ಲಿ ಒಂದು ಎಂದು ಬರೆದು,
ಹೊಡೆದುಹಾಕಿ, ಎರಡು ಎಂದು ಬರೆದು,
ಅದನ್ನೂ ಹೊಡೆಯಹೋದಾಗ
ಚಳಿಗೆ ಪೆನ್ನು ಮೂಡಲಿಲ್ಲ.

ಬೆಲ್ಟು ನಿಂತಿರಲಿಲ್ಲ. ಹ್ಯಾಲಿಬಟ್ ಬರುತ್ತಲೇ ಇತ್ತು.
ಕೈ ಒರೆಸಿಕೊಳ್ಳದೆ
ಗವಸು ಹಾಕಿಕೊಂಡಳು.