ಜ್ವರ ನೋಡುವ ಕೆಲಸ

ಸಾಲಗಾಮೆ ರಸ್ತೆಯ ಗೇಟಿನಲ್ಲಿ ಬ್ಯಾಗು ಬಿಚ್ಚಿ ತೋರಿಸಿ
ಫೋನು ಪೆಟ್ಟಿಗೆಗೆ ಹಾಕಿ ಒಳಗೆ ಬಂದರೆ
ನನ್ನ ರಾತ್ರಿ ಶುರು.
ಆಟೋದವರು ಕೇಳುತ್ತಾರೆ: ಮೇಲಿಂದ ಎಲ್ಲಾ ಕಾಣುತ್ತಂತಲ್ಲ ಮೇಡಂ,
ನಮ್ಮನೆ ಮಾಳಿಗೆ, ಒಣಹಾಕಿದ ಹಪ್ಪಳ?

ಏನೂ ಕಾಣುವುದಿಲ್ಲ.
ಎದುರಿಗೆ ಅಂಕಿ, ಬರೀ ಅಂಕಿ.
ಮೂವತ್ತಾರು ಸಾವಿರ ಕಿಲೋಮೀಟರು ಆಚೆ
ನಿಂತಲ್ಲೇ ನಿಂತಂತೆ ನಟಿಸುವ ಒಂದು ಯಂತ್ರ
ದಿನಾ ಕೂದಲೆಳೆಯಷ್ಟು ಸರಿಯುತ್ತದೆ,
ಗೂಟಕ್ಕೆ ಕಟ್ಟಿದ ಎಮ್ಮೆ ಹಸಿರಿನ ಕಡೆ ವಾಲಿದ ಹಾಗೆ.
ಹಗ್ಗ ಜಗ್ಗಿ ಮತ್ತೆ ನಿಲ್ಲಿಸುವುದಷ್ಟೇ ನಾನು.
ಅದು ಕಂಡದ್ದು ಬೇರೆ ಊರಿಗೆ ಹೋಗುತ್ತದೆ.

ಚೆರಿಯಕೋಯ ಇರುವುದು ಕವರತ್ತಿಯಲ್ಲಿ.
ತರಬೇತಿಗೆಂದು ಬಂದು ಹದಿನೈದು ದಿನ ಹಾಸನದಲ್ಲಿದ್ದ,
ಜನವರಿಯ ಚಳಿಗೆ ಎರಡೆರಡು ಸ್ವೆಟರು ಹಾಕಿ
ಆಲೂಗಡ್ಡೆ ಬೋಂಡಕ್ಕೆ ಮನಸೋತು.
ನನ್ನ ಬೆರಳು ನೋಡಿ ನಕ್ಕಿದ್ದ:
ಕುಜದೋಷಕ್ಕೆಂದು ಅಮ್ಮ ತೊಡಿಸಿದ ಕೆಂಪು ಹವಳ.
ಇದು ಬೇರೆ ಜಾತಿ, ನಮ್ಮದು ಉಂಗುರಕ್ಕೆ ಬರಲ್ಲ.
ಮತ್ತೆ?
ನಿಲ್ಲೋಕೆ ಬರುತ್ತೆ. ನಾವು ನಿಂತಿರೋದು ಅದರ ಮೇಲೇ.

ಬಣ್ಣದ ಪಟ್ಟಿ ಹಿಡಿದು ನೀರಿಗಿಳಿಯುತ್ತಾನೆ,
ಒಂದೊಂದೇ ಹೋಲಿಸಿ ಹಲಗೆಯ ಮೇಲೆ ಬರೆಯುತ್ತಾನೆ:
ಕಂದು. ಕಂದು. ತಿಳಿಗಂದು.
ಏಪ್ರಿಲಿನಲ್ಲಿ ಒಂದು ಸಾಲು ಕಳಿಸಿದ:
ನೀರು ಬೆಚ್ಚಗಿದೆ, ನಿಮ್ಮದು ಏನು ಹೇಳುತ್ತೆ?

ಫ್ಲೇವಿಯಾಳನ್ನು ಕಾಡಿ ಬೇಡಿ ನಕ್ಷೆ ತರಿಸಿದೆ.
ನಾಲ್ಕು ಕಿಲೋಮೀಟರಿಗೊಂದು ಚೌಕ.
ಅವನ ದ್ವೀಪ ಒಂದು ಕಪ್ಪು ಚುಕ್ಕೆ,
ನೆಲವೆಂದು ಲೆಕ್ಕದಿಂದ ಬಿಟ್ಟದ್ದು.
ಪಕ್ಕದ ಚೌಕ ಕಿತ್ತಳೆ, ಅದರ ಪಕ್ಕದ್ದು ಕೆಂಪು,
ಮೂವತ್ತೊಂದು ಪಾಯಿಂಟ್ ಎರಡು.
ಇರಬೇಕಾದ್ದಕ್ಕಿಂತ ಒಂದೂವರೆ ಹೆಚ್ಚು. ಆರನೆಯ ವಾರ.

ಒಂದೂವರೆ!
ಅಷ್ಟು ಏರಿದರೆ ಸಾಕು,
ಅಂಗೈ ನಂಬದೆ ಕೈಯ ಹಿಂಬದಿ ಹಣೆಗೊತ್ತಿ
ಅಮ್ಮ ರಾತ್ರಿಯಿಡೀ ಕೂರುತ್ತಿದ್ದಳು.

ದೊಡ್ಡಪ್ಪ ಶಾಂತಿಗ್ರಾಮದ ಹೊಲದಲ್ಲಿ
ಮೂರು ದಿನ ಇಬ್ಬನಿ ಬಿದ್ದರೆ ಬೆಳಗಾಗುವ ಮೊದಲೇ
ಬಗ್ಗಿ ಎಲೆ ಮಗುಚುತ್ತಿದ್ದ, ಅಂಗಮಾರಿ ಹುಡುಕುತ್ತ.
ರಸ್ತೆಯಿಂದ ಕಂಡರೆ ಮುಗೀತು ಕಣವ್ವ, ಎಲೆ ಅಡೀಲೇ ಕಾಣಬೇಕು.
ನಾವೋ ರಸ್ತೆಗಿಂತ ಎಷ್ಟೋ ದೂರ,
ಆದರೂ ಎಲೆ ಬಾಡುವ ಮೊದಲೇ ಬಿಸಿ ಕಂಡಿದ್ದೇವೆ.
ಕಂಡು?
ದೊಡ್ಡಪ್ಪನ ಬೆನ್ನಿಗೆ ಔಷಧಿ ಪಂಪಾದರೂ ಇತ್ತು.

ಮೇ ತಿಂಗಳ ಹಲಗೆ: ತಿಳಿಗಂದು. ಬಿಳಿ. ಬಿಳಿ.
ಒಂದು ಫೋಟೋ. ಹಬ್ಬಕ್ಕೆ ಸುಣ್ಣ ಬಳಿದ ಬೀದಿಯಂತೆ
ಎಷ್ಟು ಚೆಂದವಿತ್ತೆಂದರೆ
ನನಗೆ ನಾಚಿಕೆಯಾಯಿತು.
ಸತ್ತಿಲ್ಲ, ಎಂದು ಬರೆದಿದ್ದ ಕೆಳಗೆ. ಹಸಿದಿದೆ ಅಷ್ಟೆ.
ನೀರು ತಣಿದರೆ ಬಣ್ಣ ಮರಳಲೂಬಹುದು.

ಆಮೇಲೆ ನಕ್ಷೆ ಬೂದಿಯಾಯಿತು.
ಮೋಡ. ಚೌಕಗಳ ತುಂಬ ಮಾಹಿತಿ ಇಲ್ಲ, ಮಾಹಿತಿ ಇಲ್ಲ.
ಛೆ, ಅಂದಳು ಫ್ಲೇವಿಯಾ, ಕುರುಡಾದೆವು.
ನಾನು ಸುಮ್ಮನಿದ್ದೆ.
ಹದಿನೆಂಟು ವರ್ಷ ಒಂದು ಕಣ್ಣನ್ನು ಕಾಯ್ದವಳು
ಆ ವಾರವೆಲ್ಲ ಒಳಗೊಳಗೇ ಬೇಡುತ್ತಿದ್ದೆ:
ಕಾಣದಿರಲಿ, ಇನ್ನೂ ನಾಕು ದಿನ ಏನೂ ಕಾಣದಿರಲಿ,
ಅವರ ಮೇಲೆ ನೆರಳಿರಲಿ.

ಹಾಸನದಲ್ಲೂ ಅವತ್ತು ಚಂದ್ರ ಇರಲಿಲ್ಲ.
ಮೂರು ಗಂಟೆ ಹತ್ತು ನಿಮಿಷಕ್ಕೆ ಅಂಕಿ ಸರಿದಿತ್ತು.
ಹನ್ನೊಂದು ಸೆಕೆಂಡು ಉರಿಸಿ ಹಗ್ಗ ಎಳೆದೆ,
ಅದರ ಮುಖ ಮತ್ತೆ ನೆಟ್ಟಗೆ,
ಮೋಡದ ಬೆನ್ನಿಗೇ ಆದರೂ.